ಹೊಟ್ಟೆನೋವಿನ ಕೋಣೆ

"ಅಕ್ಕಾ, ಹೊಟ್ಟೆ ತುಂಬಾ ನೋಯ್ತಿದೆ. ಈ ಊರಲ್ಲಿ ನೀವೇ ನನಗೆ ಅಮ್ಮ."

ಮೆಟ್ಟಿಲ ಬುಡದಲ್ಲಿ ನಿಂತ ಪರದೇಶದ ಹುಡುಗಿ ಒಂದೇ ಉಸಿರಿಗೆ ಒಪ್ಪಿಸಿದಳು. ವಸತಿಗೃಹದ ಒಡತಿ ಮಡಚುತ್ತಿದ್ದ ಹೊದಿಕೆಯಿಂದ ತಲೆ ಎತ್ತಲಿಲ್ಲ. ಈ ಪಾಠವನ್ನು ಅವಳ ಮುಂದೆ ಗಡ್ಡದವರು ಒಪ್ಪಿಸಿದ್ದರು, ಜಡೆಯವರು ಒಪ್ಪಿಸಿದ್ದರು, ಅವಳಪ್ಪನ ವಯಸ್ಸಿನ ಬೋಳುತಲೆಯವನೊಬ್ಬನೂ ಅವಳನ್ನು ಅಮ್ಮ ಮಾಡಿಕೊಂಡು ಹೋಗಿದ್ದ. ಈ ಹುಡುಗಿಯೇ ಬೆಳಗ್ಗೆ ಒಂದು ಸಲ ಒಪ್ಪಿಸಿ ಬೈಸಿಕೊಂಡಿದ್ದಳು.

ಪಾಠ ಬರೆದುಕೊಟ್ಟ ಮಹಾನುಭಾವ ಅಲ್ಲೇ ಕಿಟಕಿಯ ಪಕ್ಕ ಕಾಲು ಚಾಚಿ ಕಾಫಿ ಹೀರುತ್ತಿದ್ದ. ಬೆನ್ನಿಗೆ ಚೀಲ ಹೊತ್ತು ದೇಶ ಸುತ್ತುವವರಿಗೆ ಕೈಪಿಡಿ ಬರೆಯುವುದು ಅವನ ಕಸುಬು. ಆಗಾಗ ಬಂದು, ಎಲ್ಲಿ ಏನು ಅಗ್ಗ, ಯಾರನ್ನು ಹೇಗೆ ಬಗ್ಗಿಸಬಹುದು ಎಂದು ಮೂಸಿ ನೋಡಿ ಹೋಗುತ್ತಿದ್ದ. ಹಿಂದೊಮ್ಮೆ ಅವನಿಗೆ ನಿಜವಾಗಿಯೇ ಹೊಟ್ಟೆ ಕೆಟ್ಟಿತ್ತು. ಒಡತಿ ಅಯ್ಯೋ ಪಾಪ ಎಂದು, ಮೇಲೆ ಎಲ್ಲರೂ ಒಟ್ಟಿಗೆ ಮಲಗುವ ಸಾಲುಹಾಸಿಗೆಯ ಬಾಡಿಗೆಗೇ ಬಚ್ಚಲಿರುವ ಕೆಳಗಿನ ಕೋಣೆ ಬಿಟ್ಟುಕೊಟ್ಟು ಬಿಸಿ ಸೂಪು ಕುಡಿಸಿದ್ದಳು. ಆ ಋಣವನ್ನು ಅವನು ಅಚ್ಚು ಹಾಕಿಸಿ ತೀರಿಸಿದ: ಇಲ್ಲಿ ಹೊಟ್ಟೆನೋವು ಎನ್ನಿ, ಕೋಣೆಯೂ ಸಿಗುತ್ತದೆ, ಸೂಪೂ ಬಿಟ್ಟಿ. ಹೇಳಬೇಕಾದ ಈ ಊರಿನ ಮಾತನ್ನು ಓದುವವರ ಲಿಪಿಯಲ್ಲೇ ಕೊಟ್ಟಿದ್ದ. ವಿಷಯ ತಿಳಿದ ದಿನದಿಂದ ಒಡತಿ ಕರಗುವುದನ್ನು ಬಿಟ್ಟಿದ್ದಳು. ಆದರೆ ಅವನನ್ನು ಹೊರಗಟ್ಟುವ ಹಾಗಿರಲಿಲ್ಲ, ಗಿರಾಕಿಗಳು ಬರುತ್ತಿದ್ದದ್ದೇ ಅವನ ಪುಸ್ತಕ ಹಿಡಿದು.

"ಉಚ್ಚಾರಣೆ ಪರವಾಗಿಲ್ಲ," ಎಂದ ಪುಸ್ತಕದವನು. "ಮುಖ ಇನ್ನೊಂಚೂರು ಹಿಂಡ್ಬೇಕಿತ್ತು."

"ನಿಮ್ಮ ಶಿಷ್ಯೆ ತಾನೇ, ನೀವೇ ಮಾರ್ಕ್ಸ್ ಹಾಕಿ," ಎಂದಳು ಒಡತಿ. ಹುಡುಗಿಯತ್ತ ತಿರುಗಿ, "ನೋಡಮ್ಮಾ, ಈ ನಾಟಕ ನೋಡಿ ನೋಡಿ ಸಾಕಾಗಿದೆ. ಮೇಲೆ ಹೋಗಿ ಮಲ್ಕೋ," ಎಂದಳು.

ಹುಡುಗಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಈ ಊರಿನ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು ಪುಸ್ತಕದ ಆ ಪಾಠವಷ್ಟೇ. ಅದನ್ನೇ ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಮಾತು ಸವೆದು ಬರೀ "ಅಮ್ಮ" ಉಳಿಯಿತು.

ಒಡತಿಯ ಪಿತ್ತ ನೆತ್ತಿಗೇರಿತು. ಕೆಳಗಿನ ಕೋಣೆಯ ಕೀಲಿಯನ್ನು ಮೇಜಿನ ಮೇಲೆ ಕುಕ್ಕಿ, "ತಗೊಂಡು ಹಾಳಾಗಿ ಹೋಗು!" ಎಂದಳು. ಬೇರೆಯವರಾಗಿದ್ದರೆ ಹೊಟ್ಟೆನೋವು ಮರೆತು ಹಾರಿ ಹಿಡಿಯುತ್ತಿದ್ದರು. ಹುಡುಗಿ ಕೀಲಿಯನ್ನು ಸುಮ್ಮನೆ ನೋಡಿದಳು. ಆಮೇಲೆ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಆನಿಸಿ ಮುದುಡಿದಳು. ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

"ಇದು ನನ್ನ ಪುಸ್ತಕದಲ್ಲಿಲ್ವಲ್ಲ," ಎಂದ ಅವನು. ಕಾಫಿಯ ಕಪ್ಪು ಇನ್ನೂ ಕೈಯಲ್ಲೇ ಇತ್ತು.

ಒಡತಿ ಓಡಿಬಂದು ಹುಡುಗಿಯ ಕಂಕುಳಿಗೆ ಕೈ ಹಾಕಿದಳು. "ಏಳ್ರೀ ಮೇಲೆ! ಕಾಲು ಹಿಡ್ಕೊಳ್ಳಿ!"

"ನನಗೆ ಬಸ್ಸಿದೆ, ಅಕ್ಕಾ..."

"ನಿಮ್ಮ ಬಸ್ಸಿಗಿಷ್ಟು ಬೆಂಕಿ ಹಾಕ! ಹಿಡೀರಿ!"

ಇಬ್ಬರೂ ಎತ್ತಿಕೊಂಡು ಹೋಗಿ ಟ್ಯಾಕ್ಸಿಗೆ ಹಾಕಿದರು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೊರಬಂದ ಡಾಕ್ಟರಮ್ಮ ಕೈಗವಸು ಕಳಚುತ್ತಾ, "ಅಪೆಂಡಿಕ್ಸ್ ಒಡೆದುಹೋಗಿತ್ತು. ಹೇಗೋ ಉಳ್ಕೊಂಡಳು. ಇಷ್ಟು ಹೊತ್ತು ಇವಳು ಬಾಯಿ ಬಿಟ್ಟು ಹೇಳ್ಲಿಲ್ವಾ?" ಎಂದರು.

"ಹೇಳಿದ್ಲು."

"ಕೇಳಿಸ್ಕೊಳ್ಳೋರು ಯಾರೂ ಇರ್ಲಿಲ್ವಾ?"

"ಇದ್ವಿ," ಎಂದಳು ಒಡತಿ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ. "ಇಬ್ಬರಿದ್ವಿ."

ಪುಸ್ತಕದವನು ಆಗಲೇ ಬಾಗಿಲ ಹತ್ತಿರ ಹೋಗಿದ್ದ. ಚೀಲ ಹೆಗಲಿಗೇರಿಸಿ, "ಆ ಮಾತು ಇನ್ನು ನನ್ನ ಪುಸ್ತಕದಲ್ಲಿ ಇರಲ್ಲ ಅಕ್ಕಾ. ನನ್ನಾಣೆ," ಎಂದು ಹೇಳಿ ಬಸ್ಸು ಹಿಡಿದ.

ಆಡಿದ ಮಾತಿಗೆ ತಪ್ಪಲಿಲ್ಲ, ಪುಣ್ಯಾತ್ಮ. ಹೊಸ ಮುದ್ರಣ ಬಂದ ಮೇಲೆ ಮೊದಲ ಗಿರಾಕಿ ಬಾಗಿಲಿಗೆ ಬಂದ. ದಷ್ಟಪುಷ್ಟ ಆಸಾಮಿ. ಕೈ ಹೊಟ್ಟೆಯ ಮೇಲಿರಲಿಲ್ಲ, ಕೆನ್ನೆಯ ಮೇಲಿತ್ತು.

"ಅಕ್ಕಾ, ಹಲ್ಲು ತುಂಬಾ ನೋಯ್ತಿದೆ. ಈ ಊರಲ್ಲಿ ನೀವೇ ನನಗೆ ಅಮ್ಮ."

ಸುಳ್ಳೆಂದು ಅವಳಿಗೆ ಗೊತ್ತಿತ್ತು. ಪುಸ್ತಕದವನ ಏಳು ತಲೆಮಾರನ್ನೂ ಎತ್ತಿ ಬೈಯುತ್ತಲೇ ಒಡತಿ ಕೆಳಗಿನ ಕೋಣೆಯ ಕೀಲಿಗೆ ಕೈ ಚಾಚಿದಳು.