ಕೆಳಮೂಲೆಯ ಕಲೆ

"ಅತ್ತೆ, ನೆರಳು ಬೀಳ್ತಿದೆ, ಆಚೆ ಸರೀರಿ. ಹೆಬ್ಬೆಟ್ಟು ಗಿರಾಕಿಗಳಿಗೆ ಇದೆಲ್ಲ ತಿಳಿಯಲ್ಲ," ಎನ್ನುತ್ತ ಇಳಂಗೋ ಮೊಬೈಲನ್ನು ಮನೆಪತ್ರದ ಮೇಲೆ ಹಿಡಿದ. ಮದುರೈಯ ಆ ಮನೆಯನ್ನು ಅತ್ತೆ ಪೇಚಿಯಮ್ಮಾಳಿಗೆ ಅವಳ ತಾಯಿ ಬರೆದುಕೊಟ್ಟದ್ದಕ್ಕೆ ಇದ್ದ ಪುರಾವೆ ಅದೊಂದೇ. ಅದರ ಪ್ರತಿಯನ್ನು ಕಚೇರಿಗೆ ಕಳಿಸಲು ಅಂದೇ ಕೊನೆಯ ದಿನ.

ಫೋಟೊ ಹಿಡಿದು, ಕಲೆ ಅಳಿಸುವ ಗುಂಡಿ ಒತ್ತಿದ. ಎಣ್ಣೆಜಿಡ್ಡು, ಅರಿಶಿನ, ಮಡಿಕೆಯ ಗೆರೆ ಎಲ್ಲ ಮಾಯ. "ನೋಡಿ, ಮಲ್ಲಿಗೆ ಹಾಗಿದೆ! ನಲವತ್ತು ವರ್ಷದ ಕೊಳೆ, ನಿಮ್ಮ ಕೈಲಿ ಹೋಗ್ತಿತ್ತಾ?"

ಓದು ಬಾರದ ಪೇಚಿಯಮ್ಮಾಳ್ ಅಕ್ಷರಗಳ ಗೋಜಿಗೆ ಹೋಗದೆ ಪರದೆಯಲ್ಲಿದ್ದ ಹಾಳೆಯ ಕೆಳಮೂಲೆಯನ್ನಷ್ಟೇ ನೋಡಿದಳು. "ಡಬಲ್ ಡಿಗ್ರಿ ದೊರೆಗಳೇ, ನಮ್ಮಮ್ಮ ಇಲ್ಲಿ ಒತ್ತಿದ್ದ ಹೆಬ್ಬೆಟ್ಟೂ ಕೊಳೇನಾ?"

ಕಳಿಸುವ ಗುಂಡಿಯತ್ತ ಹೊರಟಿದ್ದ ಇಳಂಗೋನ ಹೆಬ್ಬೆಟ್ಟು ನಡುದಾರಿಯಲ್ಲೇ ನಿಂತಿತು.