ಖಾಲಿ ಭರಣಿ ಒಂದು

ಅಬಕಾರಿ ಇನ್ಸ್‌ಪೆಕ್ಟರ್ ಧನರಾಜ್ ಮೊದಲ ಭರಣಿಯ ಮುಚ್ಚಳ ತೆಗೆದರೆ ಒಳಗೆ ವೈನ್ ಇರಲಿಲ್ಲ, ಒಣ ಸಿಗಡಿ ಇತ್ತು. ಎರಡನೆಯದರಲ್ಲಿ ಕುಚ್ಚಲಕ್ಕಿ. ಮೂರನೆಯದರಲ್ಲಿ ಹುರುಳಿ. ಗ್ಲೋರಿಯಾಳ ಅಡುಗೆಮನೆಯ ಕಟ್ಟೆಯ ಮೇಲೆ ಅಂಥ ಏಳು ಭರಣಿಗಳಿದ್ದವು. ಏಳರ ಕಂಠದಲ್ಲೂ ತೊಳೆದರೂ ಹೋಗದ ನೇರಳೆ ಬಣ್ಣದ ಕಲೆ.

"ಇದರಲ್ಲಿ ವೈನ್ ಹೊರಗೆ ಹೋಗಿದೆ ಅಲ್ವಾ ಮೇಡಂ?"

"ಹೋಗಿದೆ ಸರ್. ತೆನೆ ಹಬ್ಬಕ್ಕೆ ನೆರೆಕರೆಯವರಿಗೆ ಕೊಟ್ಟದ್ದು. ಮಾರಿದ್ದಲ್ಲ."

"ಸುಮ್ಮನೆ ಕೊಟ್ಟದ್ದಾದರೆ ಅಕ್ಕಿ ಯಾಕೆ ಬಂತು?"

ಕಡಲ ಬದಿಯ ಹೂಡೆ ಊರಿನಲ್ಲಿ, ತನ್ನ ಹಿತ್ತಿಲ ಶೆಡ್ಡಿನಲ್ಲಿ ನೇರಳೆ ಹಣ್ಣಿನ ವೈನ್ ಮಾಡಲು ಗ್ಲೋರಿಯಾಳಿಗೆ ಲೈಸೆನ್ಸ್ ಇತ್ತು. ಮಾರಲು ಬೇರೆಯೇ ಲೈಸೆನ್ಸ್ ಬೇಕು. ಆ ಅರ್ಜಿ ಎಂಟು ತಿಂಗಳಿಂದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರವಾಸ ಮಾಡುತ್ತಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಮೂಗರ್ಜಿ ಬರೆದಿದ್ದ, ಅವಳು ಆಗಲೇ ಕದ್ದು ಮಾರುತ್ತಿದ್ದಾಳೆ ಎಂದು. ಹಂಚಿದ್ದಾದರೆ ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತದೆ. ಮಾರಿದ್ದಾದರೆ ಇದ್ದ ಲೈಸೆನ್ಸೂ ಹೋಗುತ್ತದೆ, ಶೆಡ್ಡಿಗೆ ಬೀಗ ಬೀಳುತ್ತದೆ, ಈ ವರ್ಷದ ವೈನೆಲ್ಲ ಚರಂಡಿಗೆ.

"ಪಾತ್ರೆ ಖಾಲಿ ಕೊಡಬಾರದು ಅಂತ ಅವರು ಏನಾದರೂ ಹಾಕಿ ಕೊಡುವುದು ಸರ್," ಎಂದಳು ಗ್ಲೋರಿಯಾ. "ನಿಮ್ಮ ಮನೆಯಲ್ಲಿ ಖಾಲಿ ಕೊಡ್ತಾರಾ?"

"ನಮ್ಮ ಮನೆಯ ವಿಷಯ ಬಿಡಿ. ಹಣದ ಬದಲು ಅಕ್ಕಿ ಬಂದರೂ ಮಾರಾಟ ಮಾರಾಟವೇ. ನಾನು ಕಂಡದ್ದನ್ನು ಮಾತ್ರ ಬರೆಯುವವ. ಕಾಣದ್ದನ್ನು ಇಷ್ಟು ವರ್ಷದಲ್ಲಿ ಒಂದಕ್ಷರ ಬರೆದವನಲ್ಲ."

ಮಹಜರು ಬರೆಯಲು ಅವನು ಶೆಡ್ಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತ. ಮಾಡಿನ ಕನ್ನಡಿ ಹಂಚಿನಿಂದ ಇಳಿದ ಮಧ್ಯಾಹ್ನದ ಬಿಸಿಲು ದೊಡ್ಡ ಗಾಜಿನ ಜಾಡಿಗಳನ್ನು ಹಾಯ್ದು ಅವನ ಕಾಗದದ ಮೇಲೆ ನೇರಳೆಯಾಗಿ ಬೀಳುತ್ತಿತ್ತು. ಜಾಡಿಗಳು ಆಗಾಗ ಬುಳಕ್ ಎಂದು ಉಸಿರು ಬಿಡುತ್ತಿದ್ದವು. ಆಚೆ ಕಡಲು, ಈಚೆ ಹೊಳೆ. ಯಾವ ಸದ್ದು ಯಾವುದರದ್ದು ಎಂದು ತಿಳಿಯದಾಯಿತು. ಪೆನ್ನು ನಿಂತಿತು, ಕಣ್ಣು ಎಳೆಯಿತು. ಕಾರ್ಕಳದ ಮನೆಯ ಅಂಗಳದಲ್ಲಿ ಪುಟ್ಟ ಹುಡುಗನಾಗಿ ಅವನು ಪಕ್ಕದ ಮನೆಯ ಖಾಲಿ ಪಾತ್ರೆ ಹಿಂದಕ್ಕೆ ಕೊಡಲು ಓಡುತ್ತಿದ್ದ. ಹಿಂದಿನಿಂದ ಅಮ್ಮ, "ನಿಲ್ಲು ಮಗಾ," ಎನ್ನುತ್ತ ಬಂದಳು. ಅವಳ ಮುಷ್ಟಿ ಬಿಚ್ಚಿಕೊಂಡಿತು, ಪಾತ್ರೆಯ ತಳಕ್ಕೆ ಸಕ್ಕರೆ ಬಿತ್ತು. ಬೀಳುತ್ತಲೇ ಇತ್ತು.

"ಬಾಯಮ್ಮ, ನಿಮ್ಮ ಭರಣಿ ತಗೊಳ್ಳಿ," ಎಂದು ಗ್ಲೋರಿಯಾಳನ್ನು ಕರೆದ ಕೂಗಿಗೆ ಅವನಿಗೆ ಎಚ್ಚರವಾಯಿತು. ಮೀನು ಮಾರುವ ಪುಷ್ಪಾವತಿ ಎಂಟನೆಯ ಭರಣಿಯನ್ನು ಸೊಂಟಕ್ಕೆ ಆನಿಸಿಕೊಂಡು ಅಂಗಳದಲ್ಲಿ ನಿಂತಿದ್ದಳು. ಗ್ಲೋರಿಯಾ ಕಣ್ಸನ್ನೆ ಮಾಡಿದ್ದು ಅವಳಿಗೆ ಕಾಣಲಿಲ್ಲ. ಧನರಾಜ್ ಭರಣಿ ಇಸಿದುಕೊಂಡು ಮುಚ್ಚಳ ತೆಗೆದ. ಒಳಗೆ ನಾಲ್ಕು ಕಡ್ಡಿ ಕರಿಬೇವು.

"ಇಷ್ಟೇಯಾ?"

"ಎಂತ ಮಾಡುವುದು ಸಾರ್, ಕಡಲು ಕೆಟ್ಟಿದೆ, ಎರಡು ದಿನದಿಂದ ದೋಣಿ ಇಳಿಯಲಿಲ್ಲ. ಖಾಲಿ ಕೊಡಲಿಕ್ಕೆ ಆಗ್ತದಾ? ಹಿತ್ತಿಲಲ್ಲಿ ಇದ್ದದ್ದನ್ನು ಮುರಿದು ಹಾಕಿದೆ."

"ಒಂದು ಭರಣಿ ವೈನಿಗೆ ನಾಲ್ಕು ಕಡ್ಡಿ ಕರಿಬೇವು?"

ಪುಷ್ಪಾವತಿಗೆ ಆಗ ವಿಷಯ ಹೊಳೆಯಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾನು ಮೂವತ್ತು ವರ್ಷ ಮೀನು ಮಾರಿದವಳು ಸಾರ್, ವ್ಯಾಪಾರ ಅಂದರೆ ಎಂತ ಅಂತ ನನಗೆ ಗೊತ್ತುಂಟು. ಇದು ವ್ಯಾಪಾರವಾದರೆ ಬಾಯಮ್ಮನಿಗೆ ತಲೆ ಸರಿ ಇಲ್ಲ ಅಂತ ಬರೆಯಿರಿ."

"ಸುಮ್ಮನಿರು ಮಾರಾಯ್ತಿ, ಅದನ್ನೂ ಬರೀತಾರೆ," ಎಂದಳು ಗ್ಲೋರಿಯಾ.

ಧನರಾಜ್ ನಗಲಿಲ್ಲ. ಎಂಟನೆಯ ಭರಣಿಯನ್ನು ಕರಿಬೇವಿನ ಸಮೇತ ಪುರಾವೆ ಎಂದು ವಶಕ್ಕೆ ತೆಗೆದುಕೊಂಡ. ಕಂಠಕ್ಕೆ ದಾರ ಸುತ್ತಿ, ಕೆಂಪು ಅರಗು ಇಳಿಸಿ, ಮುದ್ರೆ ಒತ್ತಿದ. "ತೀರ್ಮಾನ ಆಗುವ ತನಕ ಒಂದು ತೊಟ್ಟೂ ಗೇಟು ದಾಟಬಾರದು," ಎಂದು ಜೀಪು ಹತ್ತಿದ.

ಮೂರು ವಾರ ಗ್ಲೋರಿಯಾ ಸರಿಯಾಗಿ ಮಲಗಲಿಲ್ಲ. ಕಣ್ಣು ಮುಚ್ಚಿದರೆ ಶೆಡ್ಡಿನ ಬಾಗಿಲು ತಾನಾಗಿ ತೆರೆದು, ಜಾಡಿಗಳು ಒಂದರ ಹಿಂದೊಂದು ಹೊಳೆಯ ಮೇಲೆ ತೇಲಿಕೊಂಡು, ಅದು ಕಡಲು ಸೇರುವ ಅಳಿವೆಯ ಕಡೆಗೆ ಹೋಗುತ್ತಿದ್ದವು. ಅವಳು ದಡದಲ್ಲಿ ನಿಂತು ಕೈಬೀಸುತ್ತಿದ್ದಳು.

ನಾಲ್ಕನೆಯ ವಾರ ಧನರಾಜ್ ತಾನೇ ಬಂದ. ಕಂಕುಳಲ್ಲಿ ಭರಣಿ, ಕೈಯಲ್ಲಿ ಎರಡು ಕಾಗದ. ಮೊದಲನೆಯದನ್ನು ಅವಳು ನಿಂತಲ್ಲೇ ಓದಿದಳು. ಮಾರಾಟ ಕಂಡುಬಂದಿಲ್ಲ; ಹಂಚಿದ್ದಕ್ಕೆ ಎಚ್ಚರಿಕೆ ನೀಡಲಾಗಿದೆ.

"ಇನ್ನು ಆ ಲೈಸೆನ್ಸ್ ಬರುವ ತನಕ ನೆರೆಕರೆಗೂ ಇಲ್ಲ. ಗೊತ್ತಾಯ್ತಲ್ಲ?"

"ಗೊತ್ತಾಯ್ತು ಸರ್."

"ವಶಪಡಿಸಿಕೊಂಡ ಪಾತ್ರೆಯನ್ನು ತೊಳೆದು, ಖಾಲಿಯಾಗಿ ಹಿಂದಕ್ಕೆ ಕೊಡಬೇಕು. ಅದು ನಿಯಮ. ಇಲ್ಲೊಂದು ಸೈನ್ ಹಾಕಿ."

ಎರಡನೆಯ ಕಾಗದದಲ್ಲಿ 'ಖಾಲಿ ಭರಣಿ ಒಂದು, ತಲುಪಿದೆ' ಎಂದು ಅವನದೇ ದುಂಡು ಅಕ್ಷರದಲ್ಲಿತ್ತು, ಕೆಳಗೆ ಅವನ ಸಹಿ. ಗ್ಲೋರಿಯಾ ಪಕ್ಕದಲ್ಲಿ ತನ್ನದು ಹಾಕಿದಳು.

"ಚಹಾ ಕುಡಿದು ಹೋಗಿ ಸರ್."

"ಬೇಡ. ಅದಕ್ಕೂ ಒಂದು ಮೂಗರ್ಜಿ ಬರ್ತದೆ."

ಜೀಪಿನ ಸದ್ದು ಕೆಮ್ಮಣ್ಣು ರಸ್ತೆಯಲ್ಲಿ ಕರಗಿತು. ಉಳಿದ ಏಳರ ಪಕ್ಕದಲ್ಲಿಡಲು ಗ್ಲೋರಿಯಾ ಭರಣಿ ಎತ್ತಿದಳು. ಒಳಗೆ ಏನೋ ಮೆಲ್ಲಗೆ ಸರಿಯಿತು, ಮರಳಿನಂತೆ. ಅವಳು ಕೈ ಅಲ್ಲಾಡಿಸದೆ ನಿಂತಳು. ಮುಚ್ಚಳದ ಸಂದಿನಿಂದ ಒಂದು ಇರುವೆ ಹೊರಬಂದು, ಬಿಳಿಯ ಹರಳೊಂದನ್ನು ಕಚ್ಚಿಕೊಂಡು, ಕಂಠದಲ್ಲಿ ಉಳಿದಿದ್ದ ಇಲಾಖೆಯ ಒಡೆದ ಕೆಂಪು ಮುದ್ರೆಯನ್ನು ದಾಟಿ ಇಳಿಯತೊಡಗಿತು.