ಮೇಜಿನ ಮೇಲಿನ ಸ್ಟೇಷನ್

ಕೆಂಪು ಸಿಗ್ನಲ್ ದಾಟಿ ಅಪಘಾತ ಮಾಡಿದನೆಂದು ಜೈಲಿಗೆ ಹೋಗಿಬಂದ ರೈಲು ಚಾಲಕ ಪಾಸ್ಕಲ್, ನಿವೃತ್ತ ಸ್ಟೇಷನ್ ಮಾಸ್ತರ ಹಣಮಂತರಾಯರನ್ನು ಚಹಾಕ್ಕೆ ಕರೆದ. ‘ಸ್ಟೇಷನ್ನಿನ ನನ್ನ ಕೋಣೆಯ ಕಿಟಕಿಯಿಂದ ಸಿಗ್ನಲ್ ಕೆಂಪಗಿದ್ದುದನ್ನು ಕಣ್ಣಾರೆ ಕಂಡೆ’ ಎಂದು ಅಂದು ಸಾಕ್ಷಿ ಹೇಳಿದವರು ರಾಯರೇ. ಅಳುಕುತ್ತಲೇ ಒಳಗೆ ಬಂದರು.

ಮೇಜಿನ ಮೇಲೆ ಆಟಿಕೆ ರೈಲಿನ ಹಳಿ. ಪಕ್ಕದಲ್ಲಿ, ಪ್ಲಾಸ್ಟಿಕ್ ತುಂಡುಗಳನ್ನು ಕೊರೆದು ಅಂಟಿಸಿ ಕಟ್ಟಿದ ಅದೇ ಸ್ಟೇಷನ್. ಗೋಡೆಗೆ ಹೊಗೆಯ ಕರೆ, ಹೆಂಚಿಗೆ ಪಾಚಿಯ ಬಣ್ಣವನ್ನೂ ಬಳಿದಿದ್ದ.

“ಏನರ ತಪ್ಪೈತೇನ್ರಿ ಮಾಸ್ತರ?” ಕೈಯಲ್ಲಿದ್ದ ಚೂರಿಯನ್ನು ಕೆಳಗಿಡದೆ ಪಾಸ್ಕಲ್ ಕೇಳಿದ.

ಇಷ್ಟಕ್ಕೇ ಕರೆದನೇ! ರಾಯರಿಗೆ ಹೋದ ಜೀವ ಬಂದಂತಾಯಿತು. ಬಗ್ಗಿ ನೋಡಿದರು.

“ನೀರಿನ ಟಾಕಿ ಮರತೀ ಅಲ್ಲೋ!”

ಪಾಸ್ಕಲ್ ಜೇಬಿನಿಂದ ಪುಟ್ಟ ಟಾಕಿಯೊಂದನ್ನು ತೆಗೆದು ಅಡಿಗೆ ಅಂಟು ಸವರಿದ. “ಎಲ್ಲಿ ಇಡ್ಲಿರಿ?”

“ನನ್ನ ಕಿಟಕಿ ಮುಂದ. ದರಿದ್ರದ್ದು, ಬರೋ ಗಾಡೀನೂ ಕಾಣ್ತಿರಲಿಲ್ಲ. ನೋಡಬೇಕಂದ್ರ ಎದ್ದು ಹೊರಗ ಬರಬೇಕಿತ್ತು.”

ಪಾಸ್ಕಲ್ ಟಾಕಿಯನ್ನು ಅಲ್ಲೇ ಒತ್ತಿ ಕೂರಿಸಿದ. ಆಮೇಲೆ ಬಾಗಿಲಿನ ಚಿಲಕ ಹಾಕಿ ಬಂದ.

“ಹಂಗಾರ ಅವತ್ತಿನ ಸಿಗ್ನಲ್ ನೀವು ಎಲ್ಲಿಂದ ನೋಡಿದ್ರಿ, ಮಾಸ್ತರ?”